ರೆಪ್ಪೆಯ ಮೇಲೊಂದು ಗೆರೆ

ಪ್ರತಿವರ್ಷ ಜೂನ್ 7ರಂದು ಚೀನಾದಲ್ಲಿ ‘ಗಾವೊಕಾವ್’ ಶುರುವಾಗುತ್ತದೆ. ಯಾವ ಹುಡುಗ ಯಾವ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕು ಎಂಬುದನ್ನು ತೀರ್ಮಾನಿಸುವ ಪರೀಕ್ಷೆ ಅದು. ಕೆಲವೇ ದಿನಗಳಲ್ಲಿ ಮುಗಿದೂ ಹೋಗುತ್ತದೆ. ಅದರ ಬೆನ್ನಿಗೇ ನಗರಗಳ ಸೌಂದರ್ಯ ಚಿಕಿತ್ಸಾಲಯಗಳಲ್ಲಿ ಇನ್ನೊಂದು ಸರದಿ ಬೆಳೆಯುತ್ತದೆ. ಹದಿನೆಂಟರ ಆಸುಪಾಸಿನ ಹುಡುಗಿಯರು, ಈಚೆಗೆ ಹುಡುಗರೂ, ಎಷ್ಟೋ ಸಲ ಅಪ್ಪ ಅಮ್ಮನ ಜೊತೆಯಲ್ಲೇ ಬಂದು ಕೂರುತ್ತಾರೆ. ಪರೀಕ್ಷೆಯ ಪ್ರವೇಶಪತ್ರ ತೋರಿಸಿದರೆ ರಿಯಾಯಿತಿ ಕೊಡುತ್ತೇವೆಂದು ಜಾಹೀರಾತು ಹಾಕುವ ಕ್ಲಿನಿಕ್‌ಗಳೂ ಇವೆ. ಬಂದವರಲ್ಲಿ ಬಹಳಷ್ಟು ಮಂದಿ ಕೇಳುವುದು ಮೇಲಿನ ರೆಪ್ಪೆಯ ಮೇಲೆ ಒಂದು ಗೆರೆಯನ್ನು. ಸೆಪ್ಟೆಂಬರಿನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ಊತ ಇಳಿದಿರುತ್ತದೆ, ಹೊಸ ಊರಿನ ಹೊಸ ಗೆಳೆಯರು ಹಳೆಯ ಕಣ್ಣನ್ನು ನೋಡಿಯೇ ಇರುವುದಿಲ್ಲ ಎಂಬುದು ಲೆಕ್ಕಾಚಾರ.

ಈ ಸುದ್ದಿ ಕಿವಿಗೆ ಬಿದ್ದ ಕೂಡಲೇ ಹೊರಗಿನವರ ಬಾಯಿಗೆ ಬರುವ ಮಾತೊಂದಿದೆ: ‘ಪಾಪ, ಬಿಳಿಯರ ಹಾಗೆ ಕಾಣುವ ಆಸೆ.’ ನಮ್ಮ ಪತ್ರಿಕೆಗಳ ಪುಟ್ಟ ಸುದ್ದಿಗಳಲ್ಲೂ ಇದೇ ಧಾಟಿ ಇರುತ್ತದೆ. ಆದರೆ ಆ ಮಾತಿನಲ್ಲಿ ನಿಜಕ್ಕಿಂತ ತಾತ್ಸಾರವೇ ಹೆಚ್ಚು. ಚೀನೀಯರು ತಮ್ಮ ಕಣ್ಣನ್ನು ಎರಡೂವರೆ ಸಾವಿರ ವರ್ಷಗಳಿಂದ ಹೇಗೆ ನೋಡುತ್ತ, ಹೊಗಳುತ್ತ, ಚಿತ್ರಿಸುತ್ತ ಬಂದಿದ್ದಾರೆ ಎಂಬುದನ್ನು ಅದು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಈಗ ನಡೆದಿರುವ ನಿಜವಾದ ನಷ್ಟವೂ ಅದರ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಆ ಗೆರೆ ಏನೆಂದು ನೋಡೋಣ. ಮೇಲಿನ ರೆಪ್ಪೆಯನ್ನು ಎತ್ತಲು ಒಂದು ಸ್ನಾಯು ಇದೆ. ಅದರ ತುದಿಯ ಸಣ್ಣ ಎಳೆಗಳು ರೆಪ್ಪೆಯ ಚರ್ಮಕ್ಕೆ ಅಂಟಿಕೊಂಡಿದ್ದರೆ, ಕಣ್ಣು ತೆರೆದಾಗ ಚರ್ಮ ಅಲ್ಲಿ ಒಳಕ್ಕೆ ಜಗ್ಗಿ ಮಡಿಕೆ ಬೀಳುತ್ತದೆ. ಎಳೆಗಳು ಹಾಗೆ ಅಂಟಿರದೆ, ಒಳಗಿನ ಕೊಬ್ಬಿನ ಪದರ ತುಸು ಕೆಳಗಿನವರೆಗೂ ಇಳಿದಿದ್ದರೆ ಮಡಿಕೆ ಬೀಳುವುದಿಲ್ಲ, ರೆಪ್ಪೆ ನುಣುಪಾಗಿ ಉಳಿಯುತ್ತದೆ. ಮೊದಲನೆಯದನ್ನು ಚೀನಿಯಲ್ಲಿ ‘ಷ್ವಾಂಗ್ ಯಾನ್ ಪಿ’ ಎನ್ನುತ್ತಾರೆ, ಜೋಡಿರೆಪ್ಪೆ. ಎರಡನೆಯದು ‘ದಾನ್ ಯಾನ್ ಪಿ’, ಒಂಟಿರೆಪ್ಪೆ. ಇವೆರಡರ ನಡುವೆ, ಮಡಿಕೆ ಇದ್ದೂ ಒಳಗೆ ಅವಿತಿರುವ ‘ನೇ ಷ್ವಾಂಗ್’ ಕೂಡ ಇದೆ. ಒಂದು ಕಣ್ಣಿಗೆ ಮಡಿಕೆ ಇದ್ದು ಇನ್ನೊಂದಕ್ಕೆ ಇಲ್ಲದವರಿದ್ದಾರೆ. ವಯಸ್ಸಾದಂತೆ ಮಡಿಕೆ ತಾನಾಗಿ ಮೂಡಿದವರೂ ಇದ್ದಾರೆ. ನೋಟದ ಶಕ್ತಿಗೂ ಈ ಗೆರೆಗೂ ಸಂಬಂಧವಿಲ್ಲ.

ಊರು, ವಯಸ್ಸು, ಎಣಿಸುವ ಕ್ರಮಕ್ಕೆ ತಕ್ಕಂತೆ ಲೆಕ್ಕ ಏರುಪೇರಾದರೂ, ಪೂರ್ವ ಏಷ್ಯಾದ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಜೋಡಿರೆಪ್ಪೆ ಹುಟ್ಟಿನಿಂದಲೇ ಬಂದಿರುತ್ತದೆ. ‘ಬಿಳಿಯರ ಅನುಕರಣೆ’ ಎಂಬ ವಾದ ಮೊದಲು ಮುಗ್ಗರಿಸುವುದು ಇಲ್ಲೇ. ಗೆರೆ ಬೇಕೆಂದು ಕ್ಲಿನಿಕ್ಕಿಗೆ ಬಂದ ಹುಡುಗಿ ಕೇಳುತ್ತಿರುವುದು ಪ್ಯಾರಿಸ್ಸಿನ ಕಣ್ಣನ್ನಲ್ಲ. ತನ್ನ ಅಕ್ಕನಿಗೆ, ಪಕ್ಕದ ಬೆಂಚಿನ ಗೆಳತಿಗೆ, ಹಲವು ಸಲ ತನ್ನ ತಾಯಿಗೇ ಇರುವ ಕಣ್ಣನ್ನು. ಶಾಲೆಯ ಜೀವಶಾಸ್ತ್ರ ಪಾಠವೂ ಅವಳ ಕೊರಗಿಗೆ ಸ್ವಲ್ಪ ನೀರೆರೆದಿದೆ. ಜೋಡಿರೆಪ್ಪೆ ಪ್ರಬಲ ಗುಣ, ಒಂಟಿರೆಪ್ಪೆ ದುರ್ಬಲ ಗುಣ ಎಂಬ ಉದಾಹರಣೆಯನ್ನು ಅಲ್ಲಿನ ಮಕ್ಕಳು ಪಠ್ಯದಲ್ಲಿ ಓದಿ ಬೆಳೆದಿದ್ದಾರೆ. ವಾಸ್ತವದಲ್ಲಿ ರೆಪ್ಪೆಯ ಆಕಾರ ಒಂದು ಜೀನಿನಿಂದ ತೀರ್ಮಾನವಾಗುವಷ್ಟು ಸರಳವಲ್ಲ. ಅನುವಂಶೀಯತೆಯಲ್ಲಿ ‘ಪ್ರಬಲ’ ಎಂದರೆ ‘ಉತ್ತಮ’ ಎಂದೂ ಅಲ್ಲ. ಆದರೆ ಹದಿಮೂರರ ಮಗುವಿನ ಮನಸ್ಸು ಅದನ್ನು ಹಾಗೇ ಓದಿಕೊಳ್ಳುತ್ತದೆ.

ಒಂಟಿರೆಪ್ಪೆಯ ಜೊತೆಗೆ ಹಲವರಲ್ಲಿ ಕಣ್ಣಿನ ಒಳಮೂಲೆಯನ್ನು ಮುಚ್ಚುವ ಚರ್ಮದ ಸಣ್ಣ ಪದರವೂ ಇರುತ್ತದೆ. ಇದು ಶೀತದೇಶದ ಗಾಳಿಯಿಂದ ಕಣ್ಣನ್ನು ಕಾಯಲು ಬಂದದ್ದು ಎಂಬ ಊಹೆ ಹಳೆಯದು, ಸಾಬೀತಾಗಿಲ್ಲ. ದಕ್ಷಿಣ ಆಫ್ರಿಕಾದ ಒಣ ಬಯಲಿನ ಖೊಯ್ಸಾನ್ ಜನರಲ್ಲೂ ಈ ಪದರವಿದೆ. ಲೋಕದ ಎಲ್ಲ ಜನಾಂಗಗಳ ಹಸುಗೂಸುಗಳಲ್ಲೂ ಅದು ಕಾಣಿಸಿಕೊಂಡು, ಮೂಗಿನ ಸೇತುವೆ ಎದ್ದಂತೆ ಮರೆಯಾಗುವುದುಂಟು. ಯುರೋಪಿನ ವಿದ್ವಾಂಸರು ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸುತ್ತ ಕುಳಿತಾಗ ಈ ಪದರವೂ ಒಂದು ಜನಾಂಗದ ಗುರುತಾಗಿ, ಹಣೆಪಟ್ಟಿಯಾಗಿ ಅಂಟಿಕೊಂಡಿತು.

ಹಳೆಯ ಚೀನಾ ಕಣ್ಣನ್ನು ಹೇಗೆ ಕಂಡಿತು? ಚೀನೀ ಕಾವ್ಯದ ಅತ್ಯಂತ ಹಳೆಯ ಸಂಕಲನ ‘ಷ್‌ಜಿಂಗ್’ನಲ್ಲಿ ಒಬ್ಬ ರಾಜವಧುವಿನ ವರ್ಣನೆ ಬರುತ್ತದೆ. ಬೆರಳು, ಚರ್ಮ, ಕೊರಳು, ಹಲ್ಲು, ಹಣೆ, ಹುಬ್ಬು ಪ್ರತಿಯೊಂದಕ್ಕೂ ಕವಿ ಒಂದೊಂದು ಹೋಲಿಕೆ ಕೊಡುತ್ತಾನೆ. ನಗುವಿನ ಬಳಿಗೂ ಕಣ್ಣಿನ ಬಳಿಗೂ ಬಂದಾಗ ಮಾತ್ರ ಹೋಲಿಕೆ ನಿಲ್ಲುತ್ತದೆ. ಕಣ್ಣಿನ ಚಲನೆಯನ್ನೂ ಕಪ್ಪು ಬಿಳುಪಿನ ಸ್ಪಷ್ಟತೆಯನ್ನೂ ಆತ ಹೇಳುತ್ತಾನೆ, ಆಕಾರವನ್ನಲ್ಲ. ರೆಪ್ಪೆಯ ಮಡಿಕೆಯ ಪ್ರಸ್ತಾಪ ಅಲ್ಲಿಲ್ಲ. ನಾಲ್ಕನೇ ಶತಮಾನದ ಚಿತ್ರಕಾರ ಗೂ ಕಾಯ್‌ಜ್ ವ್ಯಕ್ತಿಚಿತ್ರ ಬರೆದು ಕಣ್ಣಿನ ಪಾಪೆಗಳನ್ನು ವರ್ಷಗಟ್ಟಲೆ ಇಡದೆ ಬಿಡುತ್ತಿದ್ದನಂತೆ. ಕೈಕಾಲು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ, ವ್ಯಕ್ತಿಯ ಚೈತನ್ಯ ಇಳಿಯುವುದು ಕಣ್ಣಿನಲ್ಲಿ ಎಂಬುದು ಅವನ ನಿಲುವು. ಆ ಚೈತನ್ಯಕ್ಕೆ ಚೀನಿಯಲ್ಲಿ ‘ಷನ್’ ಎಂದು ಹೆಸರು. ಇಂದಿಗೂ ಅಲ್ಲಿನ ಅಜ್ಜಿಯರು ಮಗುವಿನ ಕಣ್ಣನ್ನು ಮೆಚ್ಚುವಾಗ ‘ಷನ್ ಇದೆ’ ಎನ್ನುತ್ತಾರೆ.

ಆಕಾರವನ್ನು ಅವರು ಗಮನಿಸಲಿಲ್ಲವೆಂದಲ್ಲ. ಗಮನಿಸಿದರು, ಒಂದೊಂದಕ್ಕೂ ಒಂದೊಂದು ಹೆಸರಿಟ್ಟರು. ದುಂಡಗೆ ತುಂಬಿದ ಕಣ್ಣು ‘ಶಿಂಗ್ ಯಾನ್’, ಜರ್ದಾಳು ಕಣ್ಣು. ನೀಳವಾಗಿ ಹೊರತುದಿ ಮೇಲಕ್ಕೆ ಏರಿದ್ದು ‘ದಾನ್ ಫಂಗ್ ಯಾನ್’, ಕೆಂಪು ಫೀನಿಕ್ಸ್ ಹಕ್ಕಿಯ ಕಣ್ಣು. ಅಂಚು ತುಸು ಮಂಜಾದಂತೆ, ನಗುವಾಗ ಬಾಗುವ ಕಣ್ಣು ‘ಥಾವ್ ಹ್ವಾ ಯಾನ್’, ಪೀಚ್ ಹೂವಿನ ಕಣ್ಣು. ಹದಿನೆಂಟನೇ ಶತಮಾನದಲ್ಲಿ ತ್ಸಾವೊ ಶ್ವೆಚಿನ್ ಬರೆದ ‘ಕೆಂಪು ಮಹಲಿನ ಕನಸು’ ಕಾದಂಬರಿಯಲ್ಲಿ ಒಂದೇ ಮನೆತನದೊಳಗೆ ಇಂಥ ಬಗೆಬಗೆಯ ಕಣ್ಣುಗಳಿವೆ. ಮನೆಯ ಆಡಳಿತವನ್ನೇ ಕೈಯಲ್ಲಿ ಹಿಡಿದ ಚತುರೆ ವಾಂಗ್ ಶೀಫಂಗ್‌ಳದ್ದು ಫೀನಿಕ್ಸ್ ಕಣ್ಣು, ಶಾಂತ ಸ್ವಭಾವದ ಶ್ವೆ ಬಾವ್‌ಚಾಯ್‌ಳದ್ದು ಜರ್ದಾಳು ಕಣ್ಣು. ಇಬ್ಬರೂ ಸುಂದರಿಯರೇ. ಕಣ್ಣು ಅವರ ಸ್ವಭಾವವನ್ನು ಹೇಳುತ್ತದೆ, ಅವರಿಗೆ ದರ್ಜೆ ಕೊಡುವುದಿಲ್ಲ. ಗಂಡಸರ ವಿಷಯದಲ್ಲೂ ಹೀಗೆಯೇ. ‘ಮೂರು ರಾಜ್ಯಗಳ ಕಥೆ’ಯ ಮಹಾವೀರ, ಇಂದಿಗೂ ದೇಗುಲಗಳಲ್ಲಿ ಪೂಜೆಗೊಳ್ಳುವ ಗ್ವಾನ್ ಯೂನಿಗೆ ಇರುವುದು ಫೀನಿಕ್ಸ್ ಕಣ್ಣು. ಟಾಂಗ್ ವಂಶದ ಕಾಲದ ಜೋ ಫಾಂಗ್ ಬರೆದನೆನ್ನಲಾದ, ಈಗ ಲ್ಯಾವ್‌ನಿಂಗ್ ಪ್ರಾಂತ್ಯದ ವಸ್ತುಸಂಗ್ರಹಾಲಯದಲ್ಲಿರುವ ಹೂಮುಡಿದ ರಾಣೀವಾಸದ ಹೆಂಗಸರ ಚಿತ್ರಸುರುಳಿಯಲ್ಲಿ ಮುಖಗಳು ತುಂಬಿಕೊಂಡಿವೆ, ಬಾಯಿ ಪುಟ್ಟದು, ಕಣ್ಣು ಕಿರಿದು. ಅಂದಿನ ಅರಮನೆಗೆ ಅದೇ ಚೆಲುವು.

ಮುಖದ ಅಳತೆಗೊಂದು ಹಳೆಯ ಸೂತ್ರವೂ ಇದೆ: ‘ಸಾನ್ ಥಿಂಗ್ ವೂ ಯಾನ್’, ಅಂದರೆ ಮೂರು ಅಂಗಳ, ಐದು ಕಣ್ಣು. ಕೂದಲಂಚಿನಿಂದ ಹುಬ್ಬಿನವರೆಗೆ, ಹುಬ್ಬಿನಿಂದ ಮೂಗಿನ ಕೆಳ ಅಂಚಿನವರೆಗೆ, ಅಲ್ಲಿಂದ ಗಲ್ಲದವರೆಗೆ ಮೂರು ಸಮಭಾಗ. ಅಡ್ಡಲಾಗಿ ಅಳೆದರೆ ಮುಖದ ಅಗಲ ಐದು ಕಣ್ಣುಗಳಷ್ಟು. ಈ ಸೂತ್ರದಲ್ಲಿ ಅಳತೆಗೋಲು ಅವರವರ ಕಣ್ಣೇ. ಸಣ್ಣ ಕಣ್ಣಿನವರ ಮುಖ ಸಣ್ಣದಾಗಿದ್ದರೆ ಅದೂ ಒಪ್ಪವೇ. ಇಂದಿನ ಪ್ಲಾಸ್ಟಿಕ್ ಸರ್ಜನ್ನರೂ ಮೇಕಪ್ ಕಲಿಸುವವರೂ ಇದೇ ಸೂತ್ರವನ್ನು ಬಳಸುತ್ತಾರೆ, ಆದರೆ ಮುಖಕ್ಕೆ ತಕ್ಕ ಕಣ್ಣು ಎಂಬ ಅದರ ಸಾರವನ್ನು ಬದಿಗಿಟ್ಟು, ಕಣ್ಣನ್ನು ಹಿಗ್ಗಿಸಲು ಅದನ್ನೊಂದು ಸಮರ್ಥನೆಯಾಗಿ ತೋರಿಸುತ್ತಾರೆ.

ಪೀಕಿಂಗ್ ಒಪೇರಾದ ಬಣ್ಣದ ಕೋಣೆಯಲ್ಲಿ ಈ ಹಳೆಯ ಅಭಿರುಚಿಯನ್ನು ಇಂದಿಗೂ ಕಾಣಬಹುದು. ನಟನ ಹಣೆಗೆ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಹುಬ್ಬನ್ನೂ ಕಣ್ಣಿನ ಹೊರತುದಿಯನ್ನೂ ಮೇಲಕ್ಕೆ ಎಳೆದು ಕಟ್ಟುತ್ತಾರೆ. ಹೊಸಬರಿಗೆ ತಲೆಸುತ್ತಿ ವಾಂತಿ ಬರುವಷ್ಟು ಬಿಗಿ. ಎಲ್ಲವೂ ಫೀನಿಕ್ಸ್ ಕಣ್ಣಿಗಾಗಿ. ಸ್ತ್ರೀಪಾತ್ರಗಳ ಮಹಾನಟ ಮೇ ಲಾನ್‌ಫಾಂಗ್‌ಗೆ ಬಾಲ್ಯದಲ್ಲಿ ತುಸು ಸಮೀಪದೃಷ್ಟಿ ಇತ್ತು, ರೆಪ್ಪೆ ಜೋತುಬೀಳುತ್ತಿತ್ತು, ಕಣ್ಣಿನಲ್ಲಿ ಕಾಂತಿಯಿಲ್ಲ ಎಂಬ ಮಾತು ಕೇಳಿಬಂದಿತ್ತು. ಅವರು ಪಾರಿವಾಳ ಸಾಕಿದರು. ಬೆಳಗಿನ ಜಾವ ಅವನ್ನು ಹಾರಿಬಿಟ್ಟು, ಆಕಾಶದಲ್ಲಿ ಚುಕ್ಕೆಯಾಗುವವರೆಗೂ ನೋಟದಿಂದ ಹಿಂಬಾಲಿಸುತ್ತ ಹಲವು ವರ್ಷ ಕಣ್ಣನ್ನು ಪಳಗಿಸಿದರು. 1930ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ರಂಗಭೂಮಿಯನ್ನೇ ಬೆರಗುಗೊಳಿಸಿದ್ದು ಹಾಗೆ ಪಳಗಿದ ನೋಟದಿಂದ. ಕಣ್ಣಿನ ಚೆಲುವನ್ನು ಅಭ್ಯಾಸದಿಂದ ಗಳಿಸಿಕೊಳ್ಳಬಹುದು ಎಂದು ನಂಬಿದ್ದ ಪರಂಪರೆ ಅದು.

ಹಾಗಾದರೆ ದೊಡ್ಡ ಕಣ್ಣಿನ ಮೋಹ ಎಲ್ಲಿಂದ ಬಂತು? ಪಶ್ಚಿಮದ ಪಾಲು ಇಲ್ಲವೆನ್ನಲಾಗದು. 1920 ಮತ್ತು 30ರ ದಶಕಗಳ ಶಾಂಘೈನಲ್ಲಿ ಸಿಗರೇಟು, ಸೋಪು ಕಂಪನಿಗಳು ಹಂಚುತ್ತಿದ್ದ ಕ್ಯಾಲೆಂಡರ್ ಚಿತ್ರಗಳಲ್ಲಿ ನಾಚಿ ಕಣ್ಣು ತಗ್ಗಿಸಿದ ಹೆಣ್ಣು ಕ್ರಮೇಣ ಕಣ್ಣರಳಿಸಿ ನೇರವಾಗಿ ನೋಡುವ ಆಧುನಿಕ ಯುವತಿಯಾದಳು. ಅದರಲ್ಲಿ ಹಾಲಿವುಡ್ಡಿನ ಛಾಯೆ ಇತ್ತು. 1950ರ ದಶಕದಲ್ಲಿ ಕೊರಿಯಾದಲ್ಲಿದ್ದ ಅಮೆರಿಕದ ಸೇನಾ ಸರ್ಜನ್ ರಾಲ್ಫ್ ಮಿಲಾರ್ಡ್, ಏಷ್ಯಾದವರ ಕಣ್ಣನ್ನು ಪಾಶ್ಚಾತ್ಯರ ಕಣ್ಣಿನಂತೆ ದುಂಡಗಾಗಿಸುವ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಆದರೆ ಅದಕ್ಕೂ ಅರ್ಧ ಶತಮಾನಕ್ಕೂ ಹೆಚ್ಚು ಮೊದಲು, 1896ರಲ್ಲೇ, ಜಪಾನಿನ ವೈದ್ಯ ಮಿಕಾಮೊ, ಕೊಯ್ಯದೆ ಬರೀ ಹೊಲಿಗೆಯಿಂದ ಮಡಿಕೆ ಮೂಡಿಸುವ ವಿಧಾನವನ್ನು ಪ್ರಕಟಿಸಿದ್ದರು. ಅವರೆದುರು ಇದ್ದ ಮಾದರಿ ಜಪಾನಿನದೇ ಜೋಡಿರೆಪ್ಪೆಯ ಹೆಂಗಸರು.

ಅನುಕರಣೆಯ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಮಾವೋ ಕಾಲದ್ದು. ಪಶ್ಚಿಮದ ಗಾಳಿಯೂ ಸೋಕಬಾರದೆಂದು ಬಾಗಿಲು ಹಾಕಿಕೊಂಡಿದ್ದ ವರ್ಷಗಳವು. ಚಂದಕ್ಕಾಗಿ ಮುಖಕ್ಕೆ ಚಾಕು ತಾಗಿಸುವುದು ಬೂರ್ಜ್ವಾ ಚಟವೆಂದು ಖಂಡನೆಗೆ ಗುರಿಯಾಗಿತ್ತು. ಅದೇ ಕಾಲದ ಭಿತ್ತಿಚಿತ್ರಗಳ ರೈತ, ಕಾರ್ಮಿಕ, ಸೈನಿಕರನ್ನು ನೋಡಿ: ‘ನೋಂಗ್ ಮೇ ದಾ ಯಾನ್’, ದಟ್ಟ ಹುಬ್ಬು, ದೊಡ್ಡ ಕಣ್ಣು. ಕ್ರಾಂತಿವೀರನ ಮುಖವೆಂದರೆ ಅದೇ. ಖಳನಾಯಕನಿಗೆ ಸಣ್ಣ ಕಣ್ಣು, ಕಳ್ಳನೋಟ. ಈ ಸೂತ್ರ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, 1990ರ ವಸಂತೋತ್ಸವದ ಟಿ.ವಿ. ಕಾರ್ಯಕ್ರಮದಲ್ಲಿ ಚೆನ್ ಪೇಸ್ ಮತ್ತು ಜೂ ಷ್‌ಮಾವ್ ಅಭಿನಯಿಸಿದ ಪ್ರಹಸನ, ದೊಡ್ಡ ಕಣ್ಣಿನ ನಾಯಕನೂ ದ್ರೋಹಿಯಾಗಬಹುದೇ ಎಂಬ ಒಂದು ಅಚ್ಚರಿಯ ಮೇಲೆಯೇ ದೇಶವನ್ನೆಲ್ಲ ನಗಿಸಿತು. ನಮ್ಮನ್ನೇ ನೋಡಿಕೊಂಡರೂ ಇದು ಅರ್ಥವಾಗುತ್ತದೆ. ಮೀನಾಕ್ಷಿ, ಕಮಲಾಕ್ಷಿ, ವಿಶಾಲಾಕ್ಷಿ ಎಂದು ಹೆಣ್ಣುಮಕ್ಕಳಿಗೆ ಹೆಸರಿಟ್ಟ ನಮ್ಮ ಹಿರಿಯರು ಯುರೋಪಿನವರಂತೆ ಕಾಣಲು ಹಂಬಲಿಸುತ್ತಿದ್ದರೆಂದು ಯಾರೂ ಹೇಳುವುದಿಲ್ಲ. ಅದೇ ನ್ಯಾಯ ಚೀನಾದವರಿಗೂ ಸಲ್ಲಬೇಕು.

ಇಲ್ಲಿಯವರೆಗಿನ ಕಥೆಯಲ್ಲಿ ಅಭಿರುಚಿಗಳು ಬಂದವು, ಹೋದವು, ಒಂದರ ಪಕ್ಕ ಇನ್ನೊಂದು ನಿಂತವು. ಬದಲಾದದ್ದು ಮಾರುಕಟ್ಟೆ ಬಂದಾಗ. 1957ರಲ್ಲಿ ಬೀಜಿಂಗಿನಲ್ಲಿ ಸ್ಥಾಪನೆಯಾದ ಪ್ಲಾಸ್ಟಿಕ್ ಸರ್ಜರಿ ಆಸ್ಪತ್ರೆಯ ಮೂಲ ಕೆಲಸ ಸುಟ್ಟ, ಗಾಯಗೊಂಡ ಮುಖಗಳನ್ನು ಸರಿಪಡಿಸುವುದಾಗಿತ್ತು. 1978ರ ಆರ್ಥಿಕ ಸುಧಾರಣೆಯ ಬಳಿಕ ಚಂದದ ಶಸ್ತ್ರಚಿಕಿತ್ಸೆ ಮರಳಿತು. 2004ರಲ್ಲಿ ಬೀಜಿಂಗಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆಂದೇ ಸೌಂದರ್ಯ ಸ್ಪರ್ಧೆ ನಡೆಯಿತು. 2008ರಲ್ಲಿ ಶ್ಯಾಮನ್ ನಗರದಲ್ಲಿ ಹುಟ್ಟಿದ ‘ಮೇಥೂ’ ಕಂಪನಿಯ ತಂತ್ರಾಂಶ ಒಂದೇ ಸ್ಪರ್ಶಕ್ಕೆ ಫೋಟೊದ ಕಣ್ಣನ್ನು ಹಿಗ್ಗಿಸಿ ತೋರಿಸಿತು. 2013ರಲ್ಲಿ ಆರಂಭವಾದ ‘ಸೋ ಯಂಗ್’, ಚಿಕಿತ್ಸಾಲಯಗಳನ್ನೂ ಗಿರಾಕಿಗಳನ್ನೂ ಬೆಸೆದು 2019ರಲ್ಲಿ ನ್ಯಾಸ್ಡಾಕ್ ಷೇರುಪೇಟೆಯನ್ನೇ ತಲುಪಿತು. ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಸೌಂದರ್ಯ ಸಾಲ ಸಿಕ್ಕಿತು. ಮುಖಕ್ಕೆ ಅಂಕ ಕೊಡುವ ‘ಯಾನ್ ಜ್’ ಎಂಬ ಪದ ದಿನಬಳಕೆಯ ಮಾತಾಯಿತು.

ಹೊಲಿಗೆಯ ವಿಧಾನವಾದರೆ ಅರ್ಧ ಗಂಟೆಯ ಕೆಲಸ, ಸ್ಥಳೀಯ ಅರಿವಳಿಕೆ ಸಾಕು. ಕೊಯ್ಯುವ ವಿಧಾನದಲ್ಲಿ ಚರ್ಮ, ಕೊಬ್ಬು ತೆಗೆದು ಮಡಿಕೆಯನ್ನು ಶಾಶ್ವತವಾಗಿ ಕೂರಿಸುತ್ತಾರೆ. ಜೊತೆಗೆ ಕಣ್ಣಿನ ಒಳಮೂಲೆ ತೆರೆಯುವುದು, ಕೆಳರೆಪ್ಪೆಯ ಅಡಿ ಉಬ್ಬು ತುಂಬಿಸುವುದು ಹೀಗೆ ಪಟ್ಟಿ ಬೆಳೆಯುತ್ತದೆ. ನುರಿತ ಕೈಯಲ್ಲಿ ಬಹುತೇಕ ಸುರಕ್ಷಿತ. ಪರವಾನಗಿಯಿಲ್ಲದವರ ಕೈಗೆ ಸಿಕ್ಕರೆ ಕಣ್ಣು ಪೂರ್ತಿ ಮುಚ್ಚದಿರುವುದು, ಎರಡು ಕಣ್ಣು ಎರಡು ಬಗೆಯಾಗುವುದು, ಗೆರೆ ಗಾಯದ ಗುರುತಾಗಿಯೇ ಉಳಿಯುವುದು ಉಂಟು. ತೆಗೆದ ಕೊಬ್ಬನ್ನೂ ಚರ್ಮವನ್ನೂ ಮರಳಿ ತರುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ನಷ್ಟ ಎಲ್ಲ ಮುಖಗಳೂ ಒಂದೇ ಅಚ್ಚಿಗೆ ಬರುವುದು. ಅಗಲ ಮಡಿಕೆ, ಹಿಗ್ಗಿದ ಕಣ್ಣು, ಚೂಪು ಗಲ್ಲ: ಈ ಅಚ್ಚಿಗೆ ಚೀನೀಯರೇ ‘ವಾಂಗ್ ಹೋಂಗ್’ ಮುಖ, ಅಂದರೆ ಇಂಟರ್‌ನೆಟ್ ತಾರೆಯ ಮುಖ ಎಂದು ಹೆಸರಿಟ್ಟಿದ್ದಾರೆ. ಜರ್ದಾಳು, ಫೀನಿಕ್ಸ್, ಪೀಚ್ ಹೂವು ಎಂದು ಬಗೆಬಗೆಯಾಗಿ ಮೆಚ್ಚಿದ ಪರಂಪರೆ ಕೊನೆಗೆ ‘ಗೆರೆ ಇದೆ’, ‘ಗೆರೆ ಇಲ್ಲ’ ಎಂಬ ಎರಡೇ ಖಾನೆಗೆ ಇಳಿದಿದೆ. ನಾನು ನಷ್ಟ ಎಂದದ್ದು ಇದನ್ನೇ.

ಈ ನಷ್ಟಕ್ಕೆ ಹಳೆಯ ಗಾಯವೊಂದೂ ಸೇರಿಕೊಂಡಿದೆ. 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರ ಪ್ರವೇಶವನ್ನು ಕಾನೂನಿನಿಂದಲೇ ತಡೆಯಿತು. ಆ ದಿನಗಳ ವ್ಯಂಗ್ಯಚಿತ್ರಗಳಲ್ಲಿ ಚೀನೀಯನೆಂದರೆ ಓರೆಯಾಗಿ ಸೀಳಿದ ಕಣ್ಣು. 1913ರಿಂದ ಕಾದಂಬರಿಗಳಲ್ಲಿ, ಆಮೇಲೆ ಸಿನಿಮಾಗಳಲ್ಲಿ ಬಂದ ಫೂ ಮಂಚೂ ಎಂಬ ದುಷ್ಟ ಪಾತ್ರ ಆ ಕಣ್ಣನ್ನು ಲೋಕಕ್ಕೆಲ್ಲ ಪರಿಚಯಿಸಿತು. ಬೆರಳಿನಿಂದ ಕಣ್ಣಿನ ತುದಿ ಎಳೆದು ಅಣಕಿಸುವ ಚಾಳಿ ಇನ್ನೂ ಸತ್ತಿಲ್ಲ. 2025ರ ಆಗಸ್ಟಿನಲ್ಲಿ ಸ್ವಿಸ್ ಗಡಿಯಾರ ಕಂಪನಿ ಸ್ವಾಚ್ ಅಂಥ ಭಂಗಿಯ ಜಾಹೀರಾತು ಪ್ರಕಟಿಸಿ, ಚೀನಾದಲ್ಲಿ ಆಕ್ರೋಶ ಎದ್ದ ಮೇಲೆ ಕ್ಷಮೆ ಕೇಳಿ ಹಿಂತೆಗೆದುಕೊಂಡಿತು. ಆ ಸಿಟ್ಟು ನ್ಯಾಯವಾದದ್ದು.

ಆದರೆ ಈ ಸಿಟ್ಟು ಕೆಲವು ಸಲ ಒಳಮುಖವಾಗಿ ತಿರುಗುತ್ತದೆ. 2021ರ ನವೆಂಬರಿನಲ್ಲಿ ಛಾಯಾಗ್ರಾಹಕಿ ಚೆನ್ ಮಾನ್ ತೆಗೆದ, ಕಿರುಗಣ್ಣಿನ ಹೆಣ್ಣಿನ ಚಿತ್ರವೊಂದು ಶಾಂಘೈನ ಡಿಯೋರ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಚೀನಾವನ್ನು ಕುರೂಪಗೊಳಿಸಿದ ಆರೋಪ ಬಂತು. ಚಿತ್ರ ಕೆಳಗಿಳಿಯಿತು, ಛಾಯಾಗ್ರಾಹಕಿ ಕ್ಷಮೆ ಕೇಳಿದರು. ಮರುತಿಂಗಳು ಒಣಹಣ್ಣು, ಬೀಜಗಳ ತಿನಿಸು ಮಾರುವ ‘ಮೂರು ಅಳಿಲುಗಳು’ ಎಂಬ ಚೀನೀ ಕಂಪನಿಯ ಹಳೆಯ ಜಾಹೀರಾತಿನ ಮೇಲೆ ದಾಳಿ ನಡೆಯಿತು. ಅದರಲ್ಲಿದ್ದ ಚೀನೀ ರೂಪದರ್ಶಿಯ ಕಣ್ಣು ಹುಟ್ಟಿನಿಂದಲೇ ಕಿರಿದು. ಸಣ್ಣ ಕಣ್ಣಿದ್ದವರು ಚೀನೀಯರಲ್ಲವೇ ಎಂದು ಆಕೆ ಕೇಳಬೇಕಾಯಿತು. ಅದೇ ತಿಂಗಳು ತೆರೆಕಂಡ, ಗ್ವಾಂಗ್‌ಡಾಂಗಿನ ಬಡ ಹುಡುಗರ ಸಿಂಹನೃತ್ಯದ ಕಥೆ ಹೇಳುವ ಅನಿಮೇಷನ್ ಚಿತ್ರವೂ ಪಾತ್ರಗಳ ಕಣ್ಣು ಸಣ್ಣದೆಂಬ ಕಾರಣಕ್ಕೆ ನಿಂದೆಗೆ ಒಳಗಾಯಿತು. 2022ರಲ್ಲಿ ಪ್ರಾಥಮಿಕ ಶಾಲೆಯ ಗಣಿತ ಪಠ್ಯದ ಚಿತ್ರಗಳ ಬಗ್ಗೆ ಎದ್ದ ವಿವಾದದಲ್ಲಿ ಇತರ ಆಕ್ಷೇಪಗಳ ಜೊತೆಗೆ ಮಕ್ಕಳ ಕಣ್ಣಿನ ರೂಪವೂ ಸೇರಿತ್ತು, ಕೊನೆಗೆ 27 ಮಂದಿಯ ಮೇಲೆ ಕ್ರಮ ಜರುಗಿತು.

ಇಲ್ಲಿ ನಿಜವಾಗಿ ಸಿಕ್ಕಿಹಾಕಿಕೊಂಡವಳು ಒಂಟಿರೆಪ್ಪೆಯ ಹುಡುಗಿ. ಕ್ಲಿನಿಕ್ಕಿನ ಜಾಹೀರಾತು ಅವಳ ಕಣ್ಣನ್ನು ಕೊರತೆ ಎನ್ನುತ್ತದೆ. ಹೊರದೇಶದ ಅಣಕ ಅದನ್ನೇ ಇಡೀ ಜನಾಂಗದ ಗುರುತಾಗಿಸಿ ನಗುತ್ತದೆ. ಅವಳ ಪರವಾಗಿ ಸಿಟ್ಟಿಗೆದ್ದವರು ಅವಳನ್ನೇ ತೆರೆಯಿಂದ ಮರೆಯಾಗಿಸುತ್ತಾರೆ. ಇಂಥ ಕಣ್ಣಿಗೆ ಹೊರದೇಶದ ವೇದಿಕೆಗಳಲ್ಲಿ ಮನ್ನಣೆ ಸಿಕ್ಕಿದ್ದೂ ಉಂಟು. ಹುನಾನ್ ಪ್ರಾಂತ್ಯದ ಲ್ಯೂ ವೆನ್ 2009ರಲ್ಲಿ ವಿಕ್ಟೋರಿಯಾಸ್ ಸೀಕ್ರೆಟ್ ಪ್ರದರ್ಶನದಲ್ಲಿ ನಡೆದ ಮೊದಲ ಚೀನೀ ರೂಪದರ್ಶಿಯಾದರು. ಅವರಿಗಿಂತ ಮೊದಲು ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಲ್ಯೂ ಯಾನ್ ಅವರನ್ನು ತವರಿನಲ್ಲಿ ಎಷ್ಟೋ ಮಂದಿ ಕುರೂಪಿ ಎಂದೇ ಕರೆದಿದ್ದರು. ಪಶ್ಚಿಮ ಬಯಸುವ ಚೀನೀ ಮುಖ ಇದು, ನಮ್ಮ ಆಯ್ಕೆ ಅಲ್ಲ ಎಂಬ ಶಂಕೆ ಇಂಥವರನ್ನು ಬೆಂಬಿಡಲಿಲ್ಲ. ಆ ಶಂಕೆಗೆ ಕಾರಣವಿದೆ, ಆದರೆ ಅದರ ಬೆಲೆ ತೆರುವವರು ಅದೇ ನೆಲದ ಹೆಣ್ಣುಮಕ್ಕಳು.

ಚೀನಾ ಸರ್ಕಾರಕ್ಕೂ ಸಮಸ್ಯೆ ಅರಿವಾಗಿದೆ. 2021ರ ನವೆಂಬರಿನಲ್ಲಿ ಅಲ್ಲಿನ ಮಾರುಕಟ್ಟೆ ನಿಯಂತ್ರಣ ಇಲಾಖೆ ಹೊರಡಿಸಿದ ಮಾರ್ಗಸೂಚಿ, ‘ಮುಖದ ಆತಂಕ’ ಹುಟ್ಟಿಸುವ ಜಾಹೀರಾತುಗಳ ಮೇಲೆ ಕ್ರಮಕ್ಕೆ ಸೂಚಿಸಿತು. ರೂಪವಿಲ್ಲದವರನ್ನು ಸೋಮಾರಿಗಳೆಂದೂ ರೂಪವಂತರನ್ನು ಯಶಸ್ವಿಗಳೆಂದೂ ಬಿಂಬಿಸಬಾರದು ಎಂದಿತು. ಸೌಂದರ್ಯ ಸಾಲದ ಜಾಹೀರಾತಿಗೂ ತಡೆ ಬಿತ್ತು. ಒಳ್ಳೆಯ ಹೆಜ್ಜೆಗಳು. ಆದರೆ ಕೆಲಸದ ಅರ್ಜಿಗೆ ಫೋಟೊ ಅಂಟಿಸಬೇಕಾದ, ಮುಖ ನೋಡಿ ಆಯ್ಕೆ ಮಾಡುವ ರೂಢಿ ಉಳಿದಿರುವವರೆಗೆ ಜಾಹೀರಾತನ್ನು ತಡೆದರಷ್ಟೇ ಸಾಲದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹುಡುಗಿಯನ್ನು ದೂರುವುದಂತೂ ಸಲ್ಲದು. ಅವಳು ತನ್ನ ಸಮಾಜದ ಲೆಕ್ಕವನ್ನು ಸರಿಯಾಗಿಯೇ ಓದಿದ್ದಾಳೆ. ತಪ್ಪಿರುವುದು ಆ ಲೆಕ್ಕ ಬರೆದವರಲ್ಲಿ.

ಈ ಮಾತು ನಮಗೂ ತಟ್ಟಬೇಕು. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ನರು ಮೂರು ತಲೆಮಾರುಗಳಿಂದ ನಮ್ಮ ನೆರೆಯವರು. ಬೆಂಗಳೂರಿನ ಹೋಟೆಲು, ಆಸ್ಪತ್ರೆ, ಬ್ಯೂಟಿ ಪಾರ್ಲರುಗಳಲ್ಲಿ ಮಣಿಪುರ, ಮಿಜೋರಾಂ, ನಾಗಾಲ್ಯಾಂಡಿನ ಮಕ್ಕಳು ದುಡಿಯುತ್ತಿದ್ದಾರೆ. ಕಣ್ಣಿನ ಆಕಾರ ನೋಡಿ ಅವರನ್ನು ‘ಚಿಂಕಿ’ ಎಂದು ಕರೆಯುವ ನಾಲಿಗೆ ನಮ್ಮ ಬೀದಿಯಲ್ಲೂ ಇದೆ. 2012ರ ಆಗಸ್ಟಿನಲ್ಲಿ ದಾಳಿಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಬರೀ ವದಂತಿಗೆ ಅಷ್ಟು ಬಲ ಬಂದದ್ದು, ಅವರನ್ನು ನಮ್ಮವರೆಂದು ನಾವು ಮೊದಲೇ ಒಪ್ಪಿಕೊಂಡಿರಲಿಲ್ಲವಾದ್ದರಿಂದ.

ಚೀನಾದ ಹುಡುಗಿ ರೆಪ್ಪೆಯ ಮೇಲೆ ಗೆರೆ ಮೂಡಿಸಿಕೊಳ್ಳುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ಆ ಆಯ್ಕೆ ನಿಜಕ್ಕೂ ಅವಳದಾಗಬೇಕಾದರೆ, ಗೆರೆಯಿಲ್ಲದ ಕಣ್ಣಿಗೂ ಸಿನಿಮಾದಲ್ಲಿ ನಾಯಕಿಯ ಪಾತ್ರ, ಪಠ್ಯದಲ್ಲಿ ಜಾಣ ಮಗುವಿನ ಚಿತ್ರ, ಸಂದರ್ಶನದಲ್ಲಿ ಸಮಾನ ಅವಕಾಶ ಸಿಗಬೇಕು. ಅವಳ ದೇಶದ ಹಳೆಯ ಕಾದಂಬರಿಕಾರರೂ ಚಿತ್ರಕಾರರೂ ನಟರೂ ಅಷ್ಟು ವಿಶಾಲವಾಗಿ ನೋಡಬಲ್ಲವರಾಗಿದ್ದರು. ಆ ವೈಶಾಲ್ಯವನ್ನು ಮರಳಿ ಗಳಿಸುವ ಹೊಣೆ ಅವಳ ಮೇಲಲ್ಲ, ಅವಳನ್ನು ನೋಡುವವರೆಲ್ಲರ ಮೇಲಿದೆ. ಆ ನೋಡುವವರಲ್ಲಿ ನಾವೂ ಇದ್ದೇವೆ.